ಜುಮ್ಮನ ಮರ ಮತ್ತು ಬುದ್ಧನ ಹೆಸರಿನ ಚಿಟ್ಟೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಪರೂಪದ ಚಿಟ್ಟೆಯೊಂದರ ಛಾಯಾಚಿತ್ರ ತೆಗೆಯಬೇಕೆಂದು ಹೊರಟವರು ಸಾಮಾನ್ಯವಾಗಿ ಹೂವುಗಳ ಸುತ್ತ ಅಲೆಯುತ್ತಾರೆ. ಹೂವಿಗೆ ಚಿಟ್ಟೆ ಬರುವುದು ನಿಜವೇ. ಆದರೆ ಅಲ್ಲಿ ಅದು ನೆಂಟ. ಮಕರಂದ ಹೀರಿ ಹೊರಟುಹೋಗುತ್ತದೆ. ಚಿಟ್ಟೆಯ ತವರುಮನೆ ಅದು ಮೊಟ್ಟೆಯಿಡುವ ಗಿಡ. ಎಷ್ಟೋ ಚಿಟ್ಟೆಗಳ ಮರಿಹುಳುಗಳಿಗೆ ಒಂದೆರಡು ಜಾತಿಯ ಎಲೆಗಳನ್ನು ಬಿಟ್ಟರೆ ಬೇರೇನೂ ಒಗ್ಗುವುದಿಲ್ಲ. ಆ ಗಿಡವೆಲ್ಲಿದೆ ಎಂಬುದನ್ನು ಬಲ್ಲವರು ಕ್ಯಾಮೆರಾ ಹೊತ್ತವರಿಗಿಂತ ಹೆಚ್ಚಾಗಿ ಊರಿನ ಹಿರಿಯರು.

ಇದಕ್ಕೆ ಒಳ್ಳೆಯ ನಿದರ್ಶನ ಪ್ಯಾಪಿಲಿಯೊ ಬುದ್ಧ ಎಂಬ ವೈಜ್ಞಾನಿಕ ನಾಮಧೇಯದ ಚಿಟ್ಟೆ. ಇಂಗ್ಲಿಷಿನಲ್ಲಿ ಇದಕ್ಕೆ ಮಲಬಾರ್ ಬ್ಯಾಂಡೆಡ್ ಪೀಕಾಕ್ ಎಂದು ಹೆಸರು. ಕನ್ನಡದಲ್ಲಿ ಪಟ್ಟೆ ನವಿಲು ಚಿಟ್ಟೆ ಎನ್ನಬಹುದು. ವೆಸ್ಟ್‌ವುಡ್ ಎಂಬ ಇಂಗ್ಲೆಂಡಿನ ಕೀಟವಿಜ್ಞಾನಿ 1872ರಲ್ಲಿ ಇದನ್ನು ವೈಜ್ಞಾನಿಕವಾಗಿ ಹೆಸರಿಸಿದನು. ಸಹ್ಯಾದ್ರಿ ಶ್ರೇಣಿಯನ್ನು ಬಿಟ್ಟು ಜಗತ್ತಿನ ಬೇರಾವ ಭಾಗದಲ್ಲಿಯೂ ಇದು ನೆಲೆಸಿಲ್ಲ. ನೆರೆಯ ಕೇರಳವು 2018ರಲ್ಲಿ ಇದನ್ನು ತನ್ನ ರಾಜ್ಯ ಚಿಟ್ಟೆಯೆಂದು ಘೋಷಿಸಿತು. ಅಲ್ಲಿನವರು ಇದನ್ನು ಬುದ್ಧಮಯೂರಿ ಎಂದು ಕರೆಯುತ್ತಾರೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸಹ್ಯಾದ್ರಿ ಬರ್ಡ್‌ವಿಂಗ್‌ನಷ್ಟು ದೊಡ್ಡದಲ್ಲವಾದರೂ ಕಂಡವರು ಸುಲಭವಾಗಿ ಮರೆಯುವ ಜೀವಿಯಲ್ಲ.

ರೆಕ್ಕೆಯ ನೆಲಬಣ್ಣ ಕಪ್ಪು. ಅದರ ಮೇಲೆ ಹಸುರೆಂದೂ ನೀಲಿಯೆಂದೂ ಖಚಿತವಾಗಿ ಹೇಳಲಾಗದ ಹೊಳೆಯುವ ಅಗಲವಾದ ಪಟ್ಟೆಯು ಮುಂದಿನ ಮತ್ತು ಹಿಂದಿನ ರೆಕ್ಕೆಗಳೆರಡನ್ನೂ ಹಾಯ್ದುಹೋಗುತ್ತದೆ. ಹಿಂದಿನ ರೆಕ್ಕೆಗೆ ಬಾಲವುಂಟು. ಈ ಹೊಳಪು ಅರಿಶಿನದ ಹಳದಿಯಂತೆ ಅರೆದು ತೆಗೆಯಬಹುದಾದ ಬಣ್ಣವಲ್ಲ. ರೆಕ್ಕೆಯ ಹುಡಿಯಂತಹ ಶಲ್ಕಗಳ ಸೂಕ್ಷ್ಮ ರಚನೆಯು ಬೆಳಕನ್ನು ಪ್ರತಿಫಲಿಸುವ ರೀತಿಯಿಂದ ಉಂಟಾಗುವಂಥದು. ಆದಕಾರಣ ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಛಾಯಾಗ್ರಾಹಕನು ನೇರವಾಗಿ ಫ್ಲ್ಯಾಶ್ ಹಾಯಿಸಿದರೆ ಪಟ್ಟೆ ಬಿಳಚಿಕೊಂಡು ಕಾಣುವುದು. ಓರೆಯಾಗಿ ಬೀಳುವ ಬೆಳಗಿನ ಬಿಸಿಲೇ ಲೇಸು.

ಗುರುತಿಸುವಲ್ಲಿ ಎಚ್ಚರ ಅಗತ್ಯ. ಮಲೆನಾಡಿನಲ್ಲಿಯೇ ಇರುವ ಪ್ಯಾರಿಸ್ ಪೀಕಾಕ್ ಎಂಬ ಚಿಟ್ಟೆಗೆ ಹಿಂದಿನ ರೆಕ್ಕೆಯಲ್ಲಿ ಮಾತ್ರ ದೊಡ್ಡ ನೀಲಿಹಸುರು ಮಚ್ಚೆಯಿರುತ್ತದೆ. ಹೆಚ್ಚಾಗಿ ಒಣ ಸೀಮೆಯಲ್ಲಿ, ಹುರುಗಲು ಮರವನ್ನು ಅವಲಂಬಿಸಿ ಬಾಳುವ ಕಾಮನ್ ಬ್ಯಾಂಡೆಡ್ ಪೀಕಾಕ್‌ಗೆ ಪಟ್ಟೆಯಿದ್ದರೂ ಅದು ಕಿರಿದು. ಅವಸರದಲ್ಲಿ ತೆಗೆದ ಮಸುಕು ಚಿತ್ರವನ್ನು ಹಿಡಿದು ಅಪರೂಪದ್ದು ಸಿಕ್ಕಿತೆಂದು ಸಾರುವವರು ಮೊದಲು ಈ ಮೂರನ್ನೂ ಹೋಲಿಸಿ ನೋಡುವುದು ಒಳಿತು.

ಇನ್ನು ಇದರ ತವರುಮನೆಯ ವಿಚಾರ. ಪಟ್ಟೆ ನವಿಲು ಚಿಟ್ಟೆ ಮೊಟ್ಟೆಯಿಡುವುದು ಜುಮ್ಮನ ಮರದ ಎಲೆಗಳ ಮೇಲೆ. ಕೊಂಕಣಿ ಮನೆಗಳಲ್ಲಿ ಬಂಗಡೆಯ ಸಾರಿಗೆ ಹಾಕುವ ತೆಪ್ಪಳ ಇದೇ ಮರದ ಕಾಯಿ. ನಾಲಿಗೆಯನ್ನು ಜುಮ್ಮೆನಿಸುವ ಆ ಕಾಯಿಯ ಪರಿಚಯವಿಲ್ಲದ ಅಡುಗೆಮನೆ ಕರಾವಳಿಯಲ್ಲಿ ವಿರಳ. ನಿಂಬೆ, ಕಿತ್ತಳೆ, ಕರಿಬೇವುಗಳ ಕುಟುಂಬಕ್ಕೆ ಸೇರಿದ ಈ ಮರದ ಎಲೆಯನ್ನು ಹಿಚುಕಿದರೆ ಪರಿಮಳ ಬರುತ್ತದೆ. ಕಾಂಡದ ಮೈತುಂಬ ದಪ್ಪ ಬುಡದ ಮುಳ್ಳುಗಳು.

ಮರಿಹುಳುವನ್ನು ಕಾಣುವುದು ಸುಲಭವಲ್ಲ. ಬೆಳೆದ ಹುಳುವಿನ ಬಣ್ಣ ಎಲೆಯ ಹಸುರೇ ಆಗಿರುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡಿನಂಥ ಅಂಗವೊಂದನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಮನೆಯಂಗಳದ ನಿಂಬೆಗಿಡದ ಹುಳುವೂ ಹೀಗೆಯೇ ಮಾಡುವುದನ್ನು ಮಕ್ಕಳು ಕಂಡಿರುತ್ತಾರೆ. ರೆಡ್ ಹೆಲೆನ್ ಎಂಬ ಇನ್ನೊಂದು ಚಿಟ್ಟೆಯೂ ಜುಮ್ಮನ ಮರದಲ್ಲಿ ಮೊಟ್ಟೆಯಿಡುವುದರಿಂದ, ಆ ಮರದ ಮೇಲೆ ಕಂಡ ಹುಳುಗಳೆಲ್ಲ ಒಂದೇ ಜಾತಿಯವೆಂದು ತಿಳಿಯಲಾಗದು.

ಗಿಡದಿಂದ ಹುಳುವಿಗೆ, ಹುಳುವಿನಿಂದ ಚಿಟ್ಟೆಗೆ ಸಾಗುವ ಈ ಮಾರ್ಗ ಹೊಸದೇನಲ್ಲ. ಕಾರವಾರದಲ್ಲಿ ಅಧಿಕಾರಿಗಳಾಗಿದ್ದ ಡೇವಿಡ್ಸನ್, ಬೆಲ್ ಮತ್ತು ಏಟ್ಕಿನ್ ಎಂಬ ಮೂವರು ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಕುರಿತಾದ ಲೇಖನಮಾಲೆಯನ್ನು 1896ರಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಲೆ ಬೀಸಿ ಹಿಡಿದ ಚಿಟ್ಟೆಗಳಿಗೆ ಸೂಜಿ ಚುಚ್ಚಿ ಪೆಟ್ಟಿಗೆ ತುಂಬುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಅವರು ಮರಿಹುಳುಗಳನ್ನು ಸಾಕಿ, ಯಾವ ಹುಳು ಯಾವ ಎಲೆ ತಿನ್ನುವುದೆಂದು ಬರೆದಿಟ್ಟರು. ಅರಣ್ಯಾಧಿಕಾರಿಯಾಗಿದ್ದ ಬೆಲ್ ನಿವೃತ್ತಿಯ ಬಳಿಕವೂ ಕಾರವಾರದಲ್ಲಿಯೇ ನೆಲೆಸಿ 1948ರಲ್ಲಿ ಅಲ್ಲಿಯೇ ತೀರಿಕೊಂಡನು. ಪರಕೀಯರ ಆಡಳಿತದ ಕುರಿತು ಯಾರಿಗೆ ಯಾವ ಅಭಿಪ್ರಾಯವೇ ಇರಲಿ, ಆ ದಾಖಲೆಗಳು ಇಂದಿಗೂ ಬಳಕೆಗೆ ಬರುತ್ತಿವೆ.

ಈಗ ಬಲೆಯ ಜಾಗಕ್ಕೆ ಕ್ಯಾಮೆರಾ ಬಂದಿದೆ. ಪಟ್ಟೆ ನವಿಲು ಚಿಟ್ಟೆಯ ಹಾರಾಟ ಚುರುಕಾದುದು, ಬಹುಪಾಲು ಮರದ ನೆತ್ತಿಯ ಮಟ್ಟದಲ್ಲಿ. ಹೂವಿಗಿಳಿದಾಗಲೂ ರೆಕ್ಕೆಬಡಿತ ನಿಲ್ಲುವುದಿಲ್ಲವಾದ್ದರಿಂದ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನವಾದ ಶಟರ್ ವೇಗದಲ್ಲಿ ಚಿತ್ರ ಕಲಸಿಹೋಗುವುದೇ ಹೆಚ್ಚು. ಬೆನ್ನಟ್ಟಿ ಓಡಿದವನಿಗೆ ಸಿಗುವುದು ಬೆವರು. ಮಳೆಯ ಬಿರುಸು ತಗ್ಗಿದ ದಿನಗಳಲ್ಲಿ, ಜುಮ್ಮನ ಮರವಿರುವ ಕಾನಿನ ಅಂಚಿನಲ್ಲಿ, ಬೆಳಗ್ಗೆ ಬಿಸಿಲು ಬೀಳುವೆಡೆಯಲ್ಲಿ ಸುಮ್ಮನೆ ಕುಳಿತವನಿಗೆ ಅದು ಒಮ್ಮೊಮ್ಮೆ ರೆಕ್ಕೆ ಹರಡಿ ಮೈ ಕಾಯಿಸಿಕೊಳ್ಳುವಾಗ ಸಿಗುತ್ತದೆ. ಕೋಶದಿಂದ ಆಗಷ್ಟೇ ಹೊರಬಂದು ರೆಕ್ಕೆ ಒಣಗಿಸುತ್ತ ತೂಗುವ ಚಿಟ್ಟೆ ಕಣ್ಣಿಗೆ ಬೀಳುವುದು ಭಾಗ್ಯವೇ. ಆ ಹೊತ್ತಿನಲ್ಲಿ ಅದು ಹಾರಲಾರದು. ಕೊಂಬೆಯನ್ನು ಅಲುಗಾಡಿಸಿ ಬೀಳಿಸಿದರೆ ರೆಕ್ಕೆ ಸುಕ್ಕಾಗಿಯೇ ಒಣಗಿ, ಆಯುಷ್ಯವಿಡೀ ಹಾರದಂತಾಗಬಹುದು.

ಚಿಟ್ಟೆಯನ್ನು ಹಿಡಿದು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು, ಮಂಕಾದ ಮೇಲೆ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುವ ದುರಭ್ಯಾಸವೂ ಉಂಟು. ಅಂಥ ಚಿತ್ರ ಎಷ್ಟೇ ಸುಂದರವಾಗಿದ್ದರೂ ಸುಳ್ಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗಳಲ್ಲಿ ಅನೇಕ ಚಿಟ್ಟೆಗಳೂ ಸೇರಿವೆ. ಅವುಗಳನ್ನು ಹಿಡಿಯುವುದು, ಮಾರುವುದು ಅಪರಾಧ. ಚಿತ್ರದೊಡನೆ ದಿನಾಂಕ, ವೇಳೆ, ಊರು, ಕುಳಿತಿದ್ದ ಗಿಡ ಇಷ್ಟನ್ನು ಬರೆದಿಟ್ಟರೆ ಮೊಬೈಲ್ ಫೋನಿನ ಸಾಧಾರಣ ಚಿತ್ರವೂ ದಾಖಲೆಯಾಗುತ್ತದೆ. ಮರ ನಿಂತಿರುವ ಖಚಿತ ಸ್ಥಳವನ್ನು ಮಾತ್ರ ಊರೆಲ್ಲ ಸಾರಬೇಕಾಗಿಲ್ಲ. ಸಾರಿದರೆ ಮುಂದಿನ ಭಾನುವಾರ ಹತ್ತು ಜೀಪುಗಳು ಬಂದು ನಿಂತಾವು.

ಆದರೆ ಜೀಪುಗಳಿಗಿಂತ ದೊಡ್ಡ ಅಪಾಯ ಕತ್ತಿಯದು. ಜುಮ್ಮನ ಮರದ ಕುಲದಲ್ಲಿ ಗಂಡು ಹೂ, ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಮರಗಳಲ್ಲಿ ಬಿಡುತ್ತವೆ. ಗಂಡು ಮರ ಕಾಯಿ ಬಿಡದು. ಕಾಯಿ ಬಿಡದ ಮುಳ್ಳಿನ ಮರ ಅಡಕೆ ತೋಟದ ಅಂಚಿನಲ್ಲಿ ಏತಕ್ಕೆಂದು ಅದನ್ನು ಕಡಿದರೆ ಎರಡು ನಷ್ಟ. ನೆರೆಯ ಹೆಣ್ಣು ಮರಗಳಿಗೆ ಪರಾಗವಿಲ್ಲದಂತಾಗುತ್ತದೆ. ಕಾಯಿಯ ಹಂಗಿಲ್ಲದೆ ಎಲೆಯನ್ನು ಮಾತ್ರ ಬೇಡುವ ಚಿಟ್ಟೆಗೆ ಒಂದು ತವರು ಇಲ್ಲವಾಗುತ್ತದೆ. ಹೆಣ್ಣು ಮರದ ಗತಿಯೂ ಎಲ್ಲೆಡೆ ನೆಮ್ಮದಿಯದಲ್ಲ. ಮುಳ್ಳಿನ ಕಾಂಡವನ್ನು ಏರಲಾಗದೆ ಕೊಂಬೆಯನ್ನೇ ಕಡಿದು ಕಾಯಿ ಇಳಿಸುವಲ್ಲಿ, ಎಲೆಯೊಡನೆ ಮರಿಹುಳುಗಳೂ ನೆಲಕ್ಕೆ ಬೀಳುತ್ತವೆ. ಕಾಯಿ ಬಲಿಯುವ ಕಾಲವೂ ಹುಳು ಬೆಳೆಯುವ ಕಾಲವೂ ಹೆಚ್ಚುಕಡಿಮೆ ಒಂದೇ. ಉದ್ದ ದೋಟಿಯಿಂದ ಗೊಂಚಲನ್ನಷ್ಟೇ ಕೊಯ್ದರೆ ಮರುವರ್ಷದ ಫಸಲಿಗೂ ಕೊಂಬೆ ಉಳಿಯುತ್ತದೆ.

ತೋಟದ ನಿಂಬೆ, ಕಿತ್ತಳೆ ಗಿಡಗಳ ಹುಳುಗಳಿಗೆ ಕೀಟನಾಶಕ ಸಿಂಪಡಿಸುವವರು ದರೆಯ ಮೇಲಿನ ಜುಮ್ಮನ ಮರದತ್ತ ಗಾಳಿ ಬೀಸುತ್ತಿರುವಾಗ ಕೈ ತಡೆದರೆ ಸಾಕು. ಜುಮ್ಮನ ಮರದ ಹುಳು ಅಡಕೆ, ಮೆಣಸು, ಏಲಕ್ಕಿಗಳ ಗೊಡವೆಗೆ ಹೋಗುವುದಿಲ್ಲ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ದಾಖಲಾತಿ ಪುಸ್ತಕ ಇಡಬೇಕು. ಶಾಲೆಯ ಮಕ್ಕಳು ಊರಿನ ಹಿರಿಯರೊಡನೆ ಬೆಟ್ಟ, ಹಕ್ಕಲು, ಹಳ್ಳದ ದಂಡೆಗಳನ್ನು ಸುತ್ತಿ, ಗಂಡು ಮರ, ಹೆಣ್ಣು ಮರ ಎಂದು ಬೇರ್ಪಡಿಸಿ ಎಣಿಸಿ ಅದರಲ್ಲಿ ಬರೆಸಬಹುದು. ಹೂ ಬಿಟ್ಟ ಕಾಲದಲ್ಲಿ ಎಣಿಸುವುದು ಸುಲಭ. ಸಸಿ ಮಾಡುವವರಿಗೆ ಒಂದು ಮಾತು: ಇದರ ಬೀಜ ಮೊಳೆಯುವುದು ನಿಧಾನ, ಮೊಳೆಯದೆ ಹೋಗುವುದೂ ಹೆಚ್ಚು. ಆದುದರಿಂದ ಪಾತಿಯಲ್ಲಿ ಬೀಜವನ್ನು ಧಾರಾಳವಾಗಿ ಹಾಕಬೇಕು. ತಾಯಿಮರದ ಬುಡದಲ್ಲಿ ತಾನಾಗಿ ಎದ್ದ ಸಸಿಗಳಿದ್ದರೆ ಮಳೆಗಾಲದ ಆರಂಭದಲ್ಲಿ ಮಣ್ಣಿನ ಹೆಂಟೆಯೊಡನೆ ಎಬ್ಬಿಸಿ ದರೆಯ ಮೇಲೆ ನೆಡಬಹುದು. ಗಂಡೋ ಹೆಣ್ಣೋ ಎಂಬುದು ಸಸಿಯನ್ನು ನೋಡಿ ತಿಳಿಯದು, ಹೂ ಬಿಡುವವರೆಗೆ ಕಾಯಬೇಕು. ಚಿಟ್ಟೆಯಾದರೋ ಅಷ್ಟು ಕಾಲ ಕಾಯುವುದಿಲ್ಲ; ಎಳೆಯ ಎಲೆ ಕಂಡರೆ ಬಂದು ಮೊಟ್ಟೆಯಿಡುತ್ತದೆ.