ತಡವಾಗಿ ಬಂದ ಪ್ರಮಾಣಪತ್ರ
(ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದ ಪ್ರಬೋಧನೆ)



ಇಂದು ಡಿಸೆಂಬರ್ 3, ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಹಳೇ ಗೋವೆಗೆ ಹೋಗಿ ಅವರ ಪಾರ್ಥಿವ ಶರೀರದ ದರ್ಶನ ಮಾಡಿ ಬಂದವರು ನಮ್ಮಲ್ಲಿ ಅನೇಕರಿದ್ದೇವೆ. ಅಲ್ಲಿ ಸಾಲಿನಲ್ಲಿ ನಿಂತು ಬೇಡಿಕೊಂಡದ್ದೇನು? ಮಗನಿಗೆ ಕೆಲಸ, ಮಗಳಿಗೆ ವೀಸಾ, ನಮಗೊಂದು ನಿವೇಶನ. ತಪ್ಪೇನಿಲ್ಲ. ಒಂದು ಕಾಲದಲ್ಲಿ ಫ್ರಾನ್ಸಿಸರೂ ಅಂಥದ್ದಕ್ಕೇ ಕಾದವರು.

1506ರಲ್ಲಿ, ಇಂದು ಸ್ಪೇನಿಗೆ ಸೇರಿರುವ ನವಾರ್ರೆ ರಾಜ್ಯದ ಕೋಟೆಯೊಂದರಲ್ಲಿ ಅವರು ಹುಟ್ಟಿದರು. ತಂದೆ ಅರಸರ ಆಸ್ಥಾನದ ದೊಡ್ಡ ಅಧಿಕಾರಿ. 1512ರಲ್ಲಿ ರಾಜ್ಯ ಪರರ ಪಾಲಾಯಿತು. 1515ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಗೆದ್ದವರು ಆ ಕೋಟೆಯ ಬುರುಜುಗಳನ್ನೇ ಕೆಡವಿಸಿದರು. ಹತ್ತು ವರ್ಷದ ಹುಡುಗನಿಗೆ, ಹೋದ ಮಾನವನ್ನು ಓದಿನಿಂದ ಮರಳಿ ಗಳಿಸಬೇಕೆಂಬ ಹಟ ಹುಟ್ಟಿದ್ದರೆ ಆಶ್ಚರ್ಯವೇನು?

1525ರಲ್ಲಿ ಪ್ಯಾರಿಸಿಗೆ ಹೋದರು. 1530ರಲ್ಲಿ ಪದವಿ ಪಡೆದು ತತ್ವಶಾಸ್ತ್ರ ಕಲಿಸತೊಡಗಿದರು. ಊರಿನ ಕಡೆ ಪಂಪ್ಲೋನಾ ಪ್ರಧಾನಾಲಯದಲ್ಲಿ ಗೌರವವೂ ಆದಾಯವೂ ಇರುವ ಹುದ್ದೆಯ ಮೇಲೆ ಕಣ್ಣಿಟ್ಟು, ಕುಲೀನ ಮನೆತನದವನೆಂಬ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿದರು. ಅದೇ ಸಮಯದಲ್ಲಿ ಅವರ ಕೋಣೆಯಲ್ಲಿದ್ದವರು ಇಗ್ನೇಷಿಯಸ್ ಲೊಯೋಲಾ, ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಕುಂಟುತ್ತಿದ್ದ, ನಲವತ್ತರ ಹತ್ತಿರದ ವಿದ್ಯಾರ್ಥಿ. ಲೋಕವೆಲ್ಲ ಕೈಗೆ ಬಂದು ಆತ್ಮವೇ ಕೈಬಿಟ್ಟುಹೋದರೆ ಸಿಕ್ಕಿದ್ದೇನು ಎಂಬ ಯೇಸುಸ್ವಾಮಿಯ ಪ್ರಶ್ನೆಯನ್ನು ಅವರು ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಫ್ರಾನ್ಸಿಸರಿಗೆ ಮೊದಮೊದಲು ಅದು ಹಿಡಿಸಲಿಲ್ಲ. (ನಮಗಾದರೂ ಹಿಡಿಸುತ್ತದೆಯೇ?) 1534ರ ಆಗಸ್ಟ್ 15ರಂದು, ಇಗ್ನೇಷಿಯಸರೊಡನೆ ಅವರೂ ಬಡತನದ ವ್ರತ ತೊಟ್ಟರು. ಪ್ರಮಾಣಪತ್ರ ಸಿದ್ಧವಾದದ್ದು 1536ರಲ್ಲಿ! ಬೇಡಿದವರಿಗೆ ಅಷ್ಟರಲ್ಲಿ ಅದು ಬೇಡವಾಗಿತ್ತು.

ಹಾಗೆಂದು ಓದು ವ್ಯರ್ಥ, ಸಂಪಾದನೆ ವ್ಯರ್ಥ ಎಂದು ಪೀಠದಿಂದ ಹೇಳುವುದು ಸುಲಭ. ಮರುದಿನವೇ ಒಳ್ಳೆಯ ಟ್ಯೂಷನ್ ಎಲ್ಲಿದೆಯೆಂದು ವಿಚಾರಿಸುವವರೂ ನಾವೇ. ಫ್ರಾನ್ಸಿಸರು ಓದನ್ನು ಹಳಿಯಲಿಲ್ಲ. ಭಾರತಕ್ಕೆ ಬಂದ ಮೇಲೆ, 1544ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಪ್ಯಾರಿಸಿನ ವಿದ್ವಾಂಸರ ಮುಂದೆ ಹುಚ್ಚನಂತೆ ಕೂಗಬೇಕೆನಿಸುತ್ತದೆ ಎಂದರು. ಇಷ್ಟು ಓದಿದ್ದು ಯಾರಿಗಾಗಿ ಎಂಬುದೇ ಅವರ ಕೂಗು.

ನಮ್ಮ ಧರ್ಮಕೇಂದ್ರಗಳಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಬಲಿಪೂಜೆಯ ನಂತರ ಶಾಲು ಹೊದಿಸುತ್ತೇವೆ. ಚಪ್ಪಾಳೆ ತಟ್ಟುತ್ತೇವೆ. ನಪಾಸಾದ ಮಗು ಅಂದು ಪೂಜೆಗೇ ಬರಲಿಲ್ಲವೆಂಬುದನ್ನು ನಾವು, ಗುರುಗಳೂ ಸೇರಿ, ಗಮನಿಸಿದೆವೇ? ನಾಲ್ಕು ದಿನಕ್ಕೆ ಬಾಡುವ ಹೂಮಾಲೆಗಾಗಿ ಒಂದು ಮಗುವಿನ ಮುಖ ಬಾಡಿಸಿದೆವು.

ಫ್ರಾನ್ಸಿಸರ ಕೊನೆಯೂ ಲೋಕದ ಲೆಕ್ಕದಲ್ಲಿ ನಪಾಸೇ. ಚೀನಾ ಪ್ರವೇಶಿಸಬೇಕೆಂದು ಹೊರಟು, ಅದರ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ದೋಣಿಗಾಗಿ ಕಾದು, 1552ರ ಇದೇ ದಿನ ಜ್ವರದಲ್ಲಿ ಪ್ರಾಣ ಬಿಟ್ಟರು. ವಯಸ್ಸು 46.

ಈಗ ವಿಶ್ವಾಸಿಗಳ ಪ್ರಾರ್ಥನೆ. ಕೆಲಸ, ವೀಸಾ, ಮನೆ ಎಲ್ಲವನ್ನೂ ಕೇಳಿಕೊಳ್ಳೋಣ. ಅಂದು ಬಾರದಿದ್ದ ಮಗುವಿನ ಹೆಸರನ್ನು ಮೊದಲು ಹೇಳೋಣ.