ಉಸಿರಿನ ದಾರಿಯಲ್ಲಿ ಹೆಪ್ಪು



ಉಬ್ಬಸದ ಬಗ್ಗೆ ಮಾತಾಡಲು ನನ್ನನ್ನು ಗೊರೂರಿಗೆ ಕರೆದಿರಿ. ನಾನು ಕೊಳಕುಮಂಡಲದಿಂದ ಶುರು ಮಾಡುತ್ತೇನೆ. ಹೇಮಾವತಿ ನಾಲೆಯ ಬದುಗಳಲ್ಲಿ ಓಡಾಡುವ ನಿಮಗೆ ಆ ಹಾವಿನ ಪರಿಚಯ ನಾನು ಮಾಡಿಕೊಡಬೇಕಿಲ್ಲ. ಕಚ್ಚಿಸಿಕೊಂಡವರ ರಕ್ತವನ್ನು ವೈದ್ಯರು ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದೇ ಲೆಕ್ಕ. ವಿಷದಲ್ಲಿರುವ ಕಿಣ್ವ ನಮ್ಮ ರಕ್ತದ ಹತ್ತನೆಯ ಹೆಪ್ಪುಕಾರಕವನ್ನು ಕತ್ತರಿಸಿ ಎಬ್ಬಿಸುತ್ತದೆ. ಅದರಿಂದ ಥ್ರಾಂಬಿನ್ ಹುಟ್ಟುತ್ತದೆ. ಥ್ರಾಂಬಿನ್ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಕತ್ತರಿಸಿ ಫೈಬ್ರಿನ್ ಎಳೆಗಳನ್ನು ಮಾಡುತ್ತದೆ. ಈ ಕೆಲಸ ಒಂದೇ ಸಮನೆ ನಡೆದು ಫೈಬ್ರಿನೋಜೆನ್ ಬರಿದಾದ ಮೇಲೆ ರಕ್ತ ಕಟ್ಟುವುದೇ ಇಲ್ಲ.

ಇದೇ ಬಗೆಯ ಕತ್ತರಿ ಕೆಲಸವನ್ನು ಉಸಿರುನಾಳದಲ್ಲಿ ಮಾಡುವ ಜೀವಿ ನಮ್ಮ ಕಂಬಳಿಯೊಳಗೇ ಇದೆ: ಬರಿಗಣ್ಣಿಗೆ ಕಾಣದ ಧೂಳಿನ ನುಸಿ. ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟೇ ಅದರ ಊಟ. ಅದರ ಹಿಕ್ಕೆಯಲ್ಲಿರುವ ‘ಡರ್ ಪಿ 1’ ಎಂಬ ಕಿಣ್ವ ಉಸಿರುನಾಳದ ಒಳಪದರದ ಜೀವಕೋಶಗಳ ನಡುವಿನ ಬೆಸುಗೆಯನ್ನು ಬಿಡಿಸುತ್ತದೆ ಎಂದು ಲಂಡನ್ನಿನ ಸಂಶೋಧಕರು 1999ರಲ್ಲಿ ತೋರಿಸಿದ್ದರು. ಅದೇ ಕಿಣ್ವ ಥ್ರಾಂಬಿನ್ನಿನ ಪೂರ್ವರೂಪವಾದ ಪ್ರೋಥ್ರಾಂಬಿನ್ನನ್ನು ನೇರವಾಗಿ ಕತ್ತರಿಸಿ ಥ್ರಾಂಬಿನ್ ಮಾಡಬಲ್ಲದೆಂಬುದು ಆಮೇಲೆ ಗೊತ್ತಾಯಿತು. ಗಾಯವಿಲ್ಲ, ರಕ್ತ ಸುರಿದಿಲ್ಲ, ಆದರೂ ಗಾಯಕ್ಕೆ ಓಡಿ ಬರುವ ಕಿಣ್ವ ಎದ್ದು ಕೂತಿದೆ!

ಇನ್ನೊಂದು ಬೂಷ್ಟು. ಮಳೆಗೆ ನೆನೆದ ಹುಲ್ಲಿನ ಮೆದೆಯನ್ನು ಕೆದಕಿದಾಗ ಮೂಗಿಗೆ ಅಡರುವ ಪುಡಿಯಲ್ಲಿ ಆಸ್ಪರ್ಜಿಲಸ್ ಜಾತಿಯ ಬೂಷ್ಟಿನ ಬೀಜಕಣಗಳಿರುತ್ತವೆ. ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಡೇವಿಡ್ ಕೋರಿ ಅವರ ತಂಡ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಇಲಿ ಪ್ರಯೋಗವನ್ನು ಪ್ರಕಟಿಸಿತು. ಬೂಷ್ಟಿನ ಕಿಣ್ವಗಳು ಫೈಬ್ರಿನೋಜೆನ್ನನ್ನು ತುಂಡರಿಸುತ್ತವೆ. ಆ ತುಂಡುಗಳು ಜೀವಕೋಶದ ಮೇಲಿನ ‘ಟಿಎಲ್ಆರ್ 4’ ಎಂಬ ಗ್ರಾಹಕವನ್ನು ಕೆಣಕುತ್ತವೆ. ಅಲರ್ಜಿಯ ಊತ ಅಲ್ಲಿಂದ ಮೊದಲಾಗುತ್ತದೆ. ಅಂದರೆ ಮೈ ರೇಗುವುದು ಬೂಷ್ಟನ್ನು ಕಂಡಷ್ಟೇ ಅಲ್ಲ, ತನ್ನದೇ ಪ್ರೋಟೀನು ತುಂಡಾದದ್ದನ್ನು ಕಂಡು ಕೂಡ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗದ್ದು ಇದೇ.

ಊತ ಬಂದ ಮೇಲೆ ರಕ್ತನಾಳಗಳಿಂದ ರಕ್ತದ್ರವ ಜಿನುಗಿ ಇನ್ನಷ್ಟು ಫೈಬ್ರಿನೋಜೆನ್ ತರುತ್ತದೆ. ಫೈಬ್ರಿನ್ ಎಳೆ ಕಫದ ಜೊತೆ ಸೇರಿ ಸಣ್ಣ ನಾಳಗಳಿಗೆ ಬಿರಡೆ ಹಾಕುತ್ತದೆ. ಎಳೆ ಕರಗಿಸುವ ಕಿಣ್ವಕ್ಕೂ ಆಗ ತಡೆ ಬೀಳುತ್ತದೆ.

ಇನ್ನು ಈ ಕಾಯಿಲೆ ಎಷ್ಟು ಹರಡಿದೆ ಎಂಬ ಮಾತು. ಬೆಂಗಳೂರಿನ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ನೂರಕ್ಕೆ 9 ಇದ್ದದ್ದು 1999ಕ್ಕೆ 29.5 ಆಯಿತೆಂದು ಅಲ್ಲಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಆಸ್ಪತ್ರೆಯ ದಾಖಲೆಗಳಿಂದ ತೋರಿಸಿದರು. ಅದನ್ನು ಓದಿ, ಇದು ಪೇಟೆಯ ಹೊಗೆಯ ಕಾಯಿಲೆ ಎಂದು ನಾವು ಹಳ್ಳಿಯವರು ಸುಮ್ಮನಿರುವಂತಿಲ್ಲ. ನುಸಿಗೂ ಬೂಷ್ಟಿಗೂ ಬೇಕಾದದ್ದು ತೇವ, ಅದು ನಮ್ಮ ಮಳೆಗಾಲದಲ್ಲಿ ಧಾರಾಳ.

ಉಸಿರುನಾಳಕ್ಕೆ ಹೆಪ್ಪೇ ಅಡ್ಡಿಯಾದರೆ ರಕ್ತ ತೆಳುಮಾಡುವ ಮದ್ದು ಕೊಡಬಾರದೆ ಎಂದು ನೀವು ಕೇಳಬಹುದು. 1993ರಲ್ಲಿ ಅಂಥದೇ ಮದ್ದಾದ ಹೆಪಾರಿನ್ನನ್ನು ಉಸಿರಿನ ಮೂಲಕ ಕೊಟ್ಟು, ವ್ಯಾಯಾಮದಿಂದ ಬರುವ ಉಬ್ಬಸವನ್ನು ತಡೆದ ಪ್ರಯೋಗವೊಂದು ನಡೆಯಿತು. ಆ ಫಲ ಸಿಕ್ಕಿದ್ದು ಹೆಪ್ಪು ತಡೆದದ್ದರಿಂದಲ್ಲ, ಹೆಪಾರಿನ್ನಿನ ಬೇರೆ ಗುಣದಿಂದ ಎಂದು ಪ್ರಯೋಗ ನಡೆಸಿದವರೇ ಹೇಳಿದರು. ಇವತ್ತಿಗೂ ಅದು ವಾಡಿಕೆಯ ಚಿಕಿತ್ಸೆಯಾಗಿಲ್ಲ. ಊತ ಇಳಿಸುವ ಸ್ಟೆರಾಯ್ಡ್ ಇನ್ಹೇಲರೇ ಮುಖ್ಯ ಮದ್ದು. ಇನ್ಹೇಲರ್ ಹಿಡಿದ ಮಗಳಿಗೆ ಗಂಡು ಸಿಗುವುದಿಲ್ಲವೆಂದು ಅದನ್ನು ಬೀರುವಿನಲ್ಲಿ ಬಚ್ಚಿಡುವ ಮನೆಗಳಿಗೆ ಏನು ಹೇಳುವುದೋ! ಹೃದಯಕ್ಕೆಂದು ನುಂಗುವ ಆಸ್ಪಿರಿನ್ ಮಾತ್ರೆಯನ್ನಂತೂ ಇದಕ್ಕೆ ಪ್ರಯೋಗಿಸಬೇಡಿ. ಅದು ತಡೆಯುವುದು ಈ ಕಿಣ್ವಗಳನ್ನಲ್ಲ, ರಕ್ತದ ಕಿರುತಟ್ಟೆಗಳನ್ನು. ಕೆಲವು ಅಸ್ತಮಾ ರೋಗಿಗಳಿಗೆ ಒಂದೇ ಮಾತ್ರೆಯಿಂದ ಉಸಿರು ಕಟ್ಟಿ ಆಸ್ಪತ್ರೆ ಸೇರಬೇಕಾದೀತು.