ತೆರೆಯದ ಕಾಗದ

(ರಾಜ್ಯೋತ್ಸವದ ಅಂಗವಾಗಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಪಂಪನನ್ನು ಕುರಿತೋ ವಚನಕಾರರನ್ನು ಕುರಿತೋ ಮಾತನಾಡುವುದು ವಾಡಿಕೆ. ಹೀಗಿರಲು ನಮ್ಮ ಕಾರ್ಯದರ್ಶಿಗಳು ಬಂದು, "ಮನೆಯ ಕಂಪ್ಯೂಟರಿನಲ್ಲಿ ತೆರೆಯದೆ ಹಟ ಹಿಡಿಯುವ ಕಾಗದಪತ್ರಗಳನ್ನು ಅಪಾಯವಿಲ್ಲದೆ ತೆರೆಯುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಿ" ಎಂದಾಗ ನಮಗೆ ನಗು ಬಂದಿತು. ನಾವು ಕಂಪ್ಯೂಟರ್ ಪಂಡಿತರಲ್ಲ. ಈ ದಿಲ್ಲಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಫೈಲು ಕಟ್ಟಿ, ಫೈಲು ಬಿಚ್ಚಿ ನಿವೃತ್ತರಾದವರು. ಆದರೂ ಒಪ್ಪಿಕೊಂಡೆವು. ಏಕೆಂದರೆ ಈ ವಿಷಯದಲ್ಲಿ ನಮಗೆ ಪಾಂಡಿತ್ಯವಿಲ್ಲದಿದ್ದರೂ ಪಶ್ಚಾತ್ತಾಪವುಂಟು. ಅದನ್ನೇ ಮೊದಲು ನಿವೇದಿಸಿಕೊಳ್ಳುತ್ತೇವೆ.

ನಮ್ಮಣ್ಣ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೆ ಮಗನಿಂದ ಕಂಪ್ಯೂಟರ್ ಕಲಿತು, ಒಂದೊಂದೇ ಅಕ್ಷರ ಒತ್ತುತ್ತ, ನಮ್ಮ ಮನೆತನದ ವೃತ್ತಾಂತವನ್ನು ಬರೆದರು. 2011ರಲ್ಲಿ ಅದನ್ನು ಇಮೇಲ್ ಮೂಲಕ ನಮಗೆ ಕಳಿಸಿದರು. ಮಯೂರ ವಿಹಾರದ ಮನೆಯಲ್ಲಿ ಕುಳಿತು ತೆರೆದೆವು. ಪರದೆಯ ಮೇಲೆ ಕಂಡದ್ದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಇರುವೆಗಳು ಶಾಯಿಯಲ್ಲಿ ಬಿದ್ದು ಎದ್ದು ಓಡಾಡಿದಂತೆ ನೂರು ಪುಟ. ಆಮೇಲೆ ನೋಡೋಣವೆಂದು ಮುಚ್ಚಿದೆವು. ವಾರ ಕಳೆದು ಅಣ್ಣ ಫೋನು ಮಾಡಿ, "ಓದಿದೇನೋ ತಮ್ಮಾ?" ಎಂದರು. "ಓದೇನಣ್ಣಾ, ಭಾಳ ಚಲೋ ಬರದೀರಿ" ಎಂದುಬಿಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆಂದೂ ಆ ಮಾತೆತ್ತಲಿಲ್ಲ.

2022ರಲ್ಲಿ ಅಣ್ಣ ತೀರಿಕೊಂಡರು. ಹದಿನಾಲ್ಕನೆಯ ದಿನ ಎಲ್ಲರೂ ಆ ವೃತ್ತಾಂತವನ್ನು ನೆನೆದು ಹುಡುಕಿದರೆ, ಊರಿನ ಕಂಪ್ಯೂಟರು ಎಂದೋ ಕೆಟ್ಟು ಹೋಗಿತ್ತು. ಉಳಿದ ಪ್ರತಿ ಒಂದೇ. ಅದು ದಿಲ್ಲಿಯಲ್ಲಿ, ನಮ್ಮ ಇಮೇಲಿನ ತಳದಲ್ಲಿ.

ದಿಲ್ಲಿಗೆ ಬಂದವರೇ ಆತುರದಿಂದ ಕುಳಿತೆವು. ಹನ್ನೊಂದು ವರ್ಷ ತಾಳಿದವರು ಆ ರಾತ್ರಿ ಒಂದು ಗಂಟೆ ತಾಳಲಾರದೆ ಹೋದೆವು. ಕನ್ನಡ ಅಕ್ಷರಗಳನ್ನು ಪುಕ್ಕಟೆಯಾಗಿ ಸರಿಪಡಿಸಿಕೊಡುವುದಾಗಿ ಹೇಳುವ ಯಾವುದೋ ಊರುಪೇರಿಲ್ಲದ ತಂತ್ರಾಂಶವನ್ನು ಇಳಿಸಿಕೊಂಡು, ಅದು ಕೇಳಿದ್ದಕ್ಕೆಲ್ಲ ಹೂಂ ಎಂದು ಒತ್ತಿದೆವು. ಬೆಳಗಾಗುವಷ್ಟರಲ್ಲಿ ಮನೆಯ ಫೋಟೋಗಳೂ ಪತ್ರಗಳೂ ಬೀಗ ಜಡಿದಂತಾಗಿ, ಪರದೆಯ ಮೇಲೆ ಹಣ ಕೇಳುವ ಚೀಟಿಯೊಂದು ನಿಂತಿತ್ತು. ನೋಯ್ಡಾದಿಂದ ಮಗ ಓಡಿಬಂದು, ಹಣ ಕೊಡುವುದು ಬೇಡವೆಂದು ಹೇಳಿ, ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡಿದನು. ಫೋಟೋಗಳು ಹೋದವು. ಅಣ್ಣನ ಬರಹ ಮಾತ್ರ ಇಮೇಲಿನಲ್ಲಿ ಉಳಿದಿದ್ದರಿಂದ ಬದುಕಿತು. ಅದು ನಮ್ಮ ಜಾಣತನವಲ್ಲ, ದೈವಕೃಪೆ.

ಇದರಿಂದ ನಾವು ಕಲಿತ ಪಾಠ ಒಂದೇ. ತೆರೆಯದ ಕಾಗದದಿಂದ ಕೇಡಿಲ್ಲ. ಅದನ್ನು ತೆರೆಯುವ ನಮ್ಮ ಆತುರದಿಂದ ಕೇಡು. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಹಾಗಾದರೆ ಕಾಗದ ತೆರೆಯದಿರುವುದೇಕೆ? ಮೂರು ಕಾರಣಗಳನ್ನು ತಿಳಿದುಕೊಂಡರೆ ಸಾಕು.

ಮೊದಲನೆಯದು ಅಕ್ಷರದ ತೊಡಕು. ನಮ್ಮ ಅಜ್ಜಂದಿರ ಕಾಲದಲ್ಲಿ ಧಾರವಾಡದ ಸೀಮೆಯಲ್ಲಿ ಹೊಲಮನೆಯ ಹಳೆಯ ಪತ್ರಗಳು ಎಷ್ಟೋ ಮೋಡಿ ಲಿಪಿಯಲ್ಲಿದ್ದವು. ಓದಲು ಬಾರದೆಂದು ಯಾರೂ ಅವನ್ನು ಒಲೆಗೆ ಹಾಕಲಿಲ್ಲ. ಮೋಡಿ ಬಲ್ಲವರ ಬಳಿಗೆ ಒಯ್ದು ಓದಿಸಿದರು. ಕಂಪ್ಯೂಟರಿನ ಕನ್ನಡಕ್ಕೂ ಇಂಥದೊಂದು ಮೋಡಿಯ ಕಾಲವಿತ್ತು. ಆಗಿನ ಅಕ್ಷರಕೋಷ್ಠಕದಲ್ಲಿ ಇದ್ದದ್ದು 256 ಮನೆಗಳು ಮಾತ್ರ; ಅವೂ ಇಂಗ್ಲಿಷಿಗೆ ಮತ್ತು ಯುರೋಪಿನ ಭಾಷೆಗಳಿಗೆ ಮೀಸಲು. ನಮ್ಮವರು ಉಪಾಯ ಹೂಡಿ, ಆ ಮನೆಗಳಲ್ಲಿಯೇ ಕನ್ನಡದ ತಲಕಟ್ಟು, ಗುಣಿಸು, ಒತ್ತುಗಳನ್ನು ಬಾಡಿಗೆಗೆ ಇರಿಸಿದರು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಶ್ರೀಲಿಪಿ, ಪ್ರಕಾಶಕ್, ಆಕೃತಿ ಮೊದಲಾದವು ಕನ್ನಡಕ್ಕೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಆದರೆ ಆ ಅಕ್ಷರಗಳ ಫಾಂಟು ನಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಬಾಡಿಗೆದಾರ ಕಾಣುವುದಿಲ್ಲ, ಮನೆಯ ಯಜಮಾನನೇ ಬಾಗಿಲಿಗೆ ಬರುತ್ತಾನೆ. ಹಳೆಯ ನುಡಿಯಲ್ಲಿ ಬರೆದ "ಕನ್ನಡ" ಎಂಬ ಪದ ಹೇಗೆ ಕಾಣುತ್ತದೆ ಬಲ್ಲಿರಾ? ಇಂಗ್ಲಿಷಿನ "ಪಿ", ನೆತ್ತಿಯ ಮೇಲೆ ಓರೆಗೀಟುಳ್ಳ "ಎ", ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ "ಎ", ಜರ್ಮನರ ಒಂದು ಅಕ್ಷರ, "ಕ್ಯೂ", ಕಡೆಗೆ ಇನ್ನೊಂದು ಗೀಟಿನ "ಎ". ಆ ಗೀಟಿನ "ಎ" ಬೇರೇನೂ ಅಲ್ಲ, ನಮ್ಮ ತಲಕಟ್ಟು! ಪುಟದ ತುಂಬ ಅದು ಕಂಡರೆ ಕಾಗದ ಕೆಟ್ಟಿಲ್ಲವೆಂದೂ ಒಳಗೆ ಕನ್ನಡ ಕ್ಷೇಮವಾಗಿದೆಯೆಂದೂ ತಿಳಿಯಬೇಕು. ಇದನ್ನು ನಾವು 2011ರಲ್ಲಿ ಬಲ್ಲವರಾಗಿದ್ದರೆ!

ಎರಡನೆಯದು ಕಟ್ಟಿನ ತೊಡಕು. ಮೈಕ್ರೊಸಾಫ್ಟ್ ವರ್ಡಿನ ಹಳೆಯ ಫೈಲುಗಳ ಹೆಸರಿನ ಬಾಲದಲ್ಲಿ "ಡಾಕ್" ಎಂದಿರುತ್ತದೆ. 2007ರ ಆವೃತ್ತಿಯಿಂದ ಅದು "ಡಾಕ್ಸ್" ಆಯಿತು. ಒಳಗಿನ ಕಟ್ಟು ಬೇರೆಯಾದ್ದರಿಂದ ಹಳೆಯ ಯಂತ್ರ ಹೊಸದನ್ನು ಓದದು. ಇದಕ್ಕೆ ಹಣ ಕೊಟ್ಟು ತಂತ್ರಾಂಶ ಕೊಳ್ಳಲೇಬೇಕೆಂದಿಲ್ಲ, ಕದ್ದ ಪ್ರತಿಯನ್ನಂತೂ ಹಾಕಿಸಲೇಬಾರದು. 2010ರಲ್ಲಿ ಆರಂಭವಾದ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಹಳೆಯದನ್ನೂ ಹೊಸದನ್ನೂ ತೆರೆಯುತ್ತದೆ. ಸ್ಮರಣ ಸಂಚಿಕೆಗಳನ್ನು ಜೋಡಿಸುತ್ತಿದ್ದ ಪೇಜ್‌ಮೇಕರಿನ ಫೈಲುಗಳಲ್ಲಿಯೂ ಕೆಲವನ್ನು ತೆರೆಯುತ್ತದೆ. ಅದನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು.

ಮೂರನೆಯದು ವೇಷದ ತೊಡಕು. ಅದು ಕಾಗದವೇ ಅಲ್ಲ. ಕಾಗದದ ವೇಷ ತೊಟ್ಟ ಕಳ್ಳ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹೆಸರು "ಪಹಣಿ ಡಾಕ್" ಎಂದಿದ್ದು, ಬಾಲದ ಕೊನೆಯಲ್ಲಿ "ಇ-ಎಕ್ಸ್-ಇ" ಎಂದಿದ್ದರೆ ಅದು ಓದುವ ಪತ್ರವಲ್ಲ, ನಡೆಯುವ ಯಂತ್ರ. ವಿಂಡೋಸ್ ಸಾಮಾನ್ಯವಾಗಿ ಈ ಬಾಲವನ್ನು ಮರೆಮಾಡಿರುತ್ತದೆ. ಅದನ್ನು ಕಾಣುವಂತೆ ಮಾಡಿಕೊಳ್ಳುವುದು ಮೊದಲ ಎಚ್ಚರಿಕೆ. ಹಾಗೆಯೇ ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯೆಂದು ಬರುವ ಫೈಲಿನ ಬಾಲ "ಎ-ಪಿ-ಕೆ" ಎಂದಿದ್ದರೆ ಅಕ್ಷತೆ ಹಾಕಲು ಹೋಗಬೇಡಿ.

ಇನ್ನು ಕೆಲವು ಕಳ್ಳರು ನಿಜವಾದ ಕಾಗದದೊಳಗೇ ಅಡಗಿರುತ್ತಾರೆ. ಕಚೇರಿಯ ಕೆಲಸ ಹಗುರವಾಗಲೆಂದು ವರ್ಡ್, ಎಕ್ಸೆಲ್ ಫೈಲುಗಳ ಒಳಗೆ ಮ್ಯಾಕ್ರೋ ಎಂಬ ಸಣ್ಣ ಆಜ್ಞೆಗಳನ್ನು ಇಡುವ ಪದ್ಧತಿಯುಂಟು. ಅದನ್ನೇ ದುರುಪಯೋಗಪಡಿಸಿಕೊಂಡು 1999ರ ಮಾರ್ಚಿನಲ್ಲಿ ಮೆಲಿಸ್ಸಾ ಎಂಬ ಪಿಡುಗು ಹಬ್ಬಿತು. ಫೈಲನ್ನು ತೆರೆದವರ ವಿಳಾಸಪುಸ್ತಕದಿಂದ 50 ಮಂದಿಗೆ ಅದು ತನ್ನನ್ನೇ ರವಾನಿಸಿಕೊಳ್ಳುತ್ತಿತ್ತು. ಅಂದರೆ, ಪರಿಚಿತರಿಂದ ಬಂದದ್ದೆಂಬ ಮಾತ್ರಕ್ಕೆ ನಂಬಲಾಗದು. ವರ್ಡಿನಲ್ಲಿ 2010ರಿಂದ "ಪ್ರೊಟೆಕ್ಟೆಡ್ ವ್ಯೂ" ಎಂಬ ಕಾವಲು ಇದೆ. ಹೊರಗಿನಿಂದ ಬಂದ ಕಾಗದವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ತೋರಿಸಿ, ಮೇಲೆ ಹಳದಿ ಪಟ್ಟಿ ಇಡುತ್ತದೆ. 2022ರಿಂದ ಮೈಕ್ರೊಸಾಫ್ಟಿನವರು ಅಂತರಜಾಲದಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ತಾವಾಗಿಯೇ ತಡೆಯತೊಡಗಿದರು.

ಕಳ್ಳರ ಜಾಣತನವನ್ನು ನೋಡಿ. ಅವರು ಕಾಗದದ ಮೇಲೆಯೇ, "ಇದು ಬೇರೆ ಆವೃತ್ತಿಯಲ್ಲಿ ಸಿದ್ಧವಾದದ್ದು; ಸರಿಯಾಗಿ ಕಾಣಬೇಕಾದರೆ 'ಎನೇಬಲ್ ಕಂಟೆಂಟ್' ಒತ್ತಿರಿ" ಎಂದು ಬರೆದಿರುತ್ತಾರೆ. ಹೊಂದದ ಕಾಗದಗಳಿಂದ ಬೇಸತ್ತವರು ಒತ್ತಿಯೇ ಒತ್ತುತ್ತಾರೆಂದು ಅವರಿಗೆ ಗೊತ್ತು. ಒಂದು ಮಾತನ್ನು ಗಂಟು ಹಾಕಿಕೊಳ್ಳಿ: ಅಕ್ಷರ ಕಾಣಲು ಮ್ಯಾಕ್ರೋ ಬೇಕಾಗಿಲ್ಲ. ಓದುವುದಕ್ಕಾಗಿ ಅನುಮತಿ ಕೇಳುವ ಕಾಗದವನ್ನು ಮುಚ್ಚಿಬಿಡಿ.

ಈಗ ಮನೆಯಲ್ಲಿ ಅನುಸರಿಸತಕ್ಕ ಕ್ರಮವನ್ನು ಹೇಳುತ್ತೇವೆ.

ಕಾಗದ ಬಂದ ಕೂಡಲೆ ಕಳಿಸಿದವರಿಗೆ ಫೋನು ಮಾಡಿ, "ನೀವೇ ಕಳಿಸಿದಿರಾ? ಯಾವುದರಲ್ಲಿ ಬರೆದಿರಿ?" ಎಂದು ಕೇಳಿ. ಸಾಧ್ಯವಾದರೆ ಪಿಡಿಎಫ್ ಮಾಡಿ ಕಳಿಸಲು ಬೇಡಿಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಫಾಂಟು ಬುತ್ತಿಯಂತೆ ಜೊತೆಗೇ ಬರುತ್ತದೆಯಾದ್ದರಿಂದ ಅಕ್ಷರ ಕೆಡದು. ಬರಿದೆ ಓದುವುದಕ್ಕೆ ಇಷ್ಟೇ ಸಾಕು. ಅದು ಆಗದಿದ್ದರೆ ಮೂಲವನ್ನು ಮುಟ್ಟದೆ ಒಂದು ನಕಲು ಮಾಡಿ, ವೈರಸ್ ಪರೀಕ್ಷೆಗೆ ಒಡ್ಡಿ, ನಕಲನ್ನು ಮಾತ್ರ ಲಿಬ್ರೆ ಆಫೀಸಿನಲ್ಲಿ ತೆರೆಯಿರಿ. ಅಲ್ಲಿಯೂ ಮ್ಯಾಕ್ರೋಗೆ ಅನುಮತಿ ಬೇಡ. ತಲಕಟ್ಟಿನ ಗುರುತು ಕಂಡರೆ ಹಳೆಯ ಅಕ್ಷರವನ್ನು ಯೂನಿಕೋಡಿಗೆ ಪರಿವರ್ತಿಸಿ. ನುಡಿ, ಬರಹ ತಂತ್ರಾಂಶಗಳಲ್ಲಿಯೇ ಆ ಅನುಕೂಲವಿದೆ.

ಗುರುತಿಲ್ಲದ ಪುಕ್ಕಟೆ ಪರಿವರ್ತಕಗಳ ಸಹವಾಸ ಬೇಡ. 2025ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿಯೂ ಇಂಥವುಗಳ ವಿಷಯವಾಗಿ ಜನರನ್ನು ಎಚ್ಚರಿಸಿತು. ಯಂತ್ರ ಕೆಡದಿದ್ದರೂ ನಮ್ಮ ಆಧಾರ್, ಆಸ್ತಿಪತ್ರ, ಉಯಿಲು ಪರರ ಕೈ ಸೇರುವ ಭಯ ಇದ್ದೇ ಇದೆ. ಕೈ ಮೀರಿ ಏನಾದರೂ ನಡೆದರೆ ಮೊದಲು ಇಂಟರ್‌ನೆಟ್ ಸಂಪರ್ಕ ಕಡಿಯಿರಿ. ಬೇರೆ ಯಂತ್ರದಿಂದ ಪಾಸ್‌ವರ್ಡುಗಳನ್ನು ಬದಲಾಯಿಸಿ. ಹಣ ಹೋಗಿದ್ದರೆ ಒಡನೆ ಬ್ಯಾಂಕಿಗೂ 1930ಕ್ಕೂ ತಿಳಿಸಿ. ನಾಚಿಕೆಯಿಂದ ಮುಚ್ಚಿಡಬೇಡಿ. ನಾವು ಎರಡು ದಿನ ಮಗನಿಗೆ ಹೇಳದೆ ಮುಚ್ಚಿಟ್ಟು ಕೆಟ್ಟೆವು.

ಪರಿವರ್ತನೆಯಾದ ಮೇಲೆ ಮೂಲದೊಡನೆ ತಾಳೆ ನೋಡಬೇಕು. ಅರ್ಕಾವೊತ್ತು ಹಳೆಯದರಲ್ಲಿ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರುತ್ತದೆ. ಅಲ್ಲಿ ತಪ್ಪು ನುಸುಳಬಹುದು. ನಡುನಡುವೆ ಬಂದ ಇಂಗ್ಲಿಷ್ ಪದಗಳೂ ಪರಿವರ್ತಕದ ಕೈಗೆ ಸಿಕ್ಕು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ತಿದ್ದಿ ಮುಗಿದ ಮೇಲೆ ಎರಡು ಪ್ರತಿ ಮಾಡಿ, ಒಂದನ್ನು ಯಂತ್ರದ ಹೊರಗೆ ಇಡಿ.

ರಾಜ್ಯೋತ್ಸವದ ದಿನ ಈ ಮಾತು ಏಕೆಂದು ಕೆಲವರು ಕೇಳಬಹುದು. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ನಮ್ಮ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಕಂಪ್ಯೂಟರಿನ ಕನ್ನಡವೂ ಹೀಗೆಯೇ ನುಡಿಯ ಸೀಮೆ, ಶ್ರೀಲಿಪಿಯ ಸೀಮೆ, ಆಕೃತಿಯ ಸೀಮೆಯೆಂದು ಹಂಚಿಹೋಗಿತ್ತು. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೇ ಮೀಸಲಾಗಿ 128 ಮನೆಗಳ ಒಂದು ಕೇರಿ ದೊರೆಯಿತು. ಅಲ್ಲಿ ನಾವು ಬಾಡಿಗೆಯವರಲ್ಲ, ಸ್ವಂತದವರು. ಅಲ್ಲಿ ಬರೆದದ್ದು ಹಾವೇರಿಯಲ್ಲಿಯೂ ಗುರುಗ್ರಾಮದಲ್ಲಿಯೂ ಮೊಬೈಲಿನಲ್ಲಿಯೂ ಒಂದೇ ರೀತಿ ಕಾಣುತ್ತದೆ. ಅಷ್ಟೇ ಅಲ್ಲ, ಯಂತ್ರ ಅದನ್ನು ಗಟ್ಟಿಯಾಗಿ ಓದಿ ಹೇಳಬಲ್ಲುದು. ಕನ್ನಡ ಕೇಳಿದರೆ ತಿಳಿಯುವ, ಆದರೆ ಓದಲು ತಡವರಿಸುವ ಮೊಮ್ಮಕ್ಕಳಿರುವ ನಮ್ಮಂಥ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಕಡೆಗೆ ಅಣ್ಣನ ಬರಹದ ಸಂಗತಿ. ಮಗ ಇದೇ ಕ್ರಮದಿಂದ ಅದನ್ನು ತೆರೆದುಕೊಟ್ಟನು. ಮೂರು ದಿನ ಓದಿದೆವು. ಎಪ್ಪತ್ತೊಂದನೆಯ ಪುಟದಲ್ಲಿ ನಮ್ಮ ಹಿತ್ತಲಿನ ಬಾವಿಯ ವಿಷಯ ಬರುತ್ತದೆ. ಅದನ್ನು ತೋಡಿಸಿದ ವರ್ಷ ಬರೆಯುವಲ್ಲಿ ಅಣ್ಣ ಜಾಗ ಖಾಲಿ ಬಿಟ್ಟು, "ಇದು ತಮ್ಮನಿಗೆ ಗೊತ್ತು, ಓದಿದ ಮೇಲೆ ಅವನು ಹೇಳುತ್ತಾನೆ" ಎಂದು ಬರೆದಿದ್ದರು. "ಓದೇನಣ್ಣಾ" ಎಂದಾಗ ಅವರು ಸುಮ್ಮನಾದದ್ದೇಕೆಂದು ಅಂದು ತಿಳಿಯಿತು. ಆ ವರ್ಷ ನಮಗೆ ನಿಜವಾಗಿಯೂ ಗೊತ್ತಿತ್ತು. ತುಂಬಿದೆವು. ಕಳಿಸಲು ವಿಳಾಸವಿರಲಿಲ್ಲ.

ಬಂಧುಗಳೆ, ನಿಮ್ಮ ಮನೆಯ ಹಳೆಯ ಸಿಡಿಗಳಲ್ಲಿ, ಇಮೇಲಿನ ತಳದಲ್ಲಿ ಇಂಥ ಕಾಗದಗಳಿರಬಹುದು. ಬರೆದವರು ಬದುಕಿರುವಾಗಲೇ ತೆರೆಯಿರಿ. ಒಬ್ಬರಿಂದಾಗದಿದ್ದರೆ ಸಂಘಕ್ಕೆ ತನ್ನಿ. ನಮ್ಮ ತರುಣರು ಭಾನುವಾರಗಳಲ್ಲಿ ಕುಳಿತು ನೆರವಾಗಲು ಒಪ್ಪಿದ್ದಾರೆ. ಓದಲಾಗದಿದ್ದರೆ "ಓದಲಾಗಲಿಲ್ಲ" ಎಂದು ಊರಿಗೆ ಫೋನು ಮಾಡಿ ಹೇಳಿ. ಅದರಲ್ಲಿ ಅವಮಾನವಿಲ್ಲ.